ಪದಬಂಧವನ್ನು ಕೂಡಿ ಬಿಡಿಸುವ ಬಗೆ

ವಾಚನಾಲಯದ ಸಲಹೆಯ ಪುಸ್ತಕದಲ್ಲಿ ಈಚೆಗೆ ಎರಡು ದೂರುಗಳು ಮತ್ತೆ ಮತ್ತೆ ಕಾಣುತ್ತಿವೆ. ಬೆಳಗ್ಗೆ ಮೊದಲು ಬಂದವರು ಪತ್ರಿಕೆಯ ಪದಬಂಧವನ್ನು ಶಾಯಿಯಲ್ಲಿ ತುಂಬಿಬಿಡುತ್ತಾರೆ, ಆಮೇಲೆ ಬಂದವರಿಗೆ ಬರಿಯ ಉತ್ತರಗಳ ದರ್ಶನವಾಗುತ್ತದೆ ಎಂಬುದು ಒಂದು. ಸಂಜೆ ಕಿಟಕಿಯ ಪಕ್ಕದ ಮೇಜಿಗೆ ಕೂಡುವ ಪದಬಂಧದ ಮಂಡಲಿಯವರು ಮಾತಾಡುತ್ತಾರೆ, ಒಮ್ಮೊಮ್ಮೆ ಗಟ್ಟಿಯಾಗಿ ನಗುತ್ತಾರೆ, ವಾಚನಾಲಯವೆಂದರೆ ಮೌನದ ಸ್ಥಳವಲ್ಲವೇ ಎಂಬುದು ಇನ್ನೊಂದು. ಮೊದಲನೆಯ ದೂರಿಗೆ ಎದುರುತ್ತರವಿಲ್ಲ. ಹತ್ತು ಮಂದಿಯ ಪತ್ರಿಕೆಯ ಮೇಲೆ ಒಬ್ಬರ ಲೇಖನಿ ಓಡಬಾರದು. ಎರಡನೆಯದಕ್ಕೆ ಮಾತ್ರ, ಆ ಮೇಜಿನವರಾದ ನಾವು ಕೆಲವು ಮಾತು ಹೇಳಬೇಕೆಂದಿದ್ದೇವೆ. ಪದಬಂಧವೆಂದರೆ ಒಬ್ಬರೇ ಕುಳಿತು, ಹುಬ್ಬು ಗಂಟಿಕ್ಕಿ, ಪೆನ್ಸಿಲು ಕಚ್ಚುತ್ತ ಬಿಡಿಸುವ ಆಟವೆಂದು ಹೊರಗಿನಿಂದ ತೋರುತ್ತದೆ. ಕನ್ನಡದ ಪದಬಂಧವು ಮಾತಿಲ್ಲದೆ ಪೂರ್ತಿಯಾಗುವುದಿಲ್ಲವೆಂಬುದು ನಮ್ಮ ಅನುಭವ. ಅದು ಹೇಗೆಂಬುದನ್ನು, ಹೊಸಬರಿಗೆ ಪಾಠವೂ ಆಗುವಂತೆ, ಇಲ್ಲಿ ವಿವರಿಸುತ್ತೇವೆ.

ಈ ಆಟಕ್ಕೆ ಮಹಾ ಪ್ರಾಚೀನತೆಯೇನೂ ಇಲ್ಲ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ನೆಲೆಸಿದ ಆರ್ಥರ್ ವಿನ್ ಎಂಬ ಪತ್ರಕರ್ತರು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ 1913ರ ಡಿಸೆಂಬರ್ 21ರ ಭಾನುವಾರದ ಸಂಚಿಕೆಯಲ್ಲಿ ವಜ್ರದ ಆಕಾರದ ಒಂದು ಚೌಕಟ್ಟನ್ನು ಪ್ರಕಟಿಸಿದರು. ಅವರು ಇಟ್ಟ ಹೆಸರು ‘ವರ್ಡ್-ಕ್ರಾಸ್’. ಕೆಲವೇ ವಾರಗಳಲ್ಲಿ ಅಚ್ಚುಮನೆಯಲ್ಲಿ ಅದು ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆಯಿತು. ಅಕ್ಷರಗಳನ್ನು ಹಿಂದುಮುಂದು ಮಾಡುವುದೇ ಕಸುಬಾಗಿರುವ ಆಟಕ್ಕೆ ನಾಮಕರಣವೂ ಹಾಗೆಯೇ ಆದದ್ದು ತಕ್ಕದ್ದೇ. 1924ರಲ್ಲಿ ಪದಬಂಧಗಳ ಮೊದಲ ಪುಸ್ತಕ ಹೊರಬಂದ ಮೇಲೆ ಅಮೆರಿಕೆಗೆ ಇದರ ಹುಚ್ಚೇ ಹಿಡಿಯಿತು. ಆ ದಶಕದಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದವರು, ಪದಬಂಧದವರು ನಿಘಂಟುಗಳಿಗೆ ಮುತ್ತಿಗೆ ಹಾಕಿ ನಿಜವಾದ ವಿದ್ಯಾರ್ಥಿಗಳಿಗೆ ಎಡೆಯಿಲ್ಲದಂತೆ ಮಾಡುತ್ತಿದ್ದಾರೆಂದು ಗೊಣಗಿದ್ದುಂಟು. ನಮ್ಮ ಸಲಹೆಯ ಪುಸ್ತಕದ ದೂರಿಗೆ ಹೀಗೆ ನೂರು ವರ್ಷದ ಪರಂಪರೆಯಿದೆ! ನಿಘಂಟಿನ ಮುಂದೆ ಜನ ಮುತ್ತುವ ಕಷ್ಟ ನಮ್ಮ ವಾಚನಾಲಯಕ್ಕೂ ಬರಲಿ ಎಂದೇ ನಾವು ಹಾರೈಸುತ್ತೇವೆ.

ಇಂಗ್ಲೆಂಡಿಗೆ ಹೋದ ಮೇಲೆ ಈ ಆಟದ ಸ್ವರೂಪ ಬದಲಾಯಿತು. ಅಮೆರಿಕೆಯ ಸುಳುಹು ಬಹುಮಟ್ಟಿಗೆ ನೇರವಾದ ಅರ್ಥವನ್ನೇ ಕೇಳುತ್ತದೆ. ಇಂಗ್ಲಿಷರು ಸುಳುಹನ್ನೇ ಒಂದು ಒಗಟಾಗಿ ಮಾಡಿದರು. ಲಂಡನ್ನಿನ ‘ಟೈಮ್ಸ್’ ಬಹುಕಾಲ ಬಿಗುಮಾನದಿಂದ ದೂರ ನಿಂತಿದ್ದು 1930ರ ಫೆಬ್ರವರಿ 1ರಂದು ತಾನೂ ಪದಬಂಧ ಪ್ರಾರಂಭಿಸಿತು. ‘ಡೈಲಿ ಟೆಲಿಗ್ರಾಫ್’ 1942ರ ಜನವರಿಯಲ್ಲಿ, ಹನ್ನೆರಡು ನಿಮಿಷದೊಳಗೆ ಬಿಡಿಸಬಲ್ಲವರು ಯಾರೆಂದು ತನ್ನ ಕಛೇರಿಯಲ್ಲೇ ಒಂದು ಪಂದ್ಯ ನಡೆಸಿತು. ಗೆದ್ದವರಲ್ಲಿ ಕೆಲವರಿಗೆ ಯುದ್ಧದ ಗುಪ್ತಲಿಪಿ ಬಿಡಿಸುವ ಕೆಲಸಕ್ಕೆ ಕರೆ ಬಂದದ್ದು ಪ್ರಸಿದ್ಧ ಸಂಗತಿ. ನಮ್ಮ ಚೆನ್ನೈಯಲ್ಲಿ ‘ದಿ ಹಿಂದೂ’ ಪತ್ರಿಕೆ 1971ರಲ್ಲಿ ಇಂಥ ಗೂಢ ಪದಬಂಧವನ್ನು ತನ್ನ ಪುಟಕ್ಕೆ ತಂದಿತು. ಅದರ ಮೊದಲ ರಚನಕಾರರು ನೌಕಾಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ನಿವೃತ್ತ ಅಡ್ಮಿರಲ್ ಕಠಾರಿಯವರು. ಕನ್ನಡದ ದಿನಪತ್ರಿಕೆ, ವಾರಪತ್ರಿಕೆಗಳಲ್ಲಿಯೂ ಪದಬಂಧ ಬಹಳ ಕಾಲದಿಂದ ನಿತ್ಯದ ಅಂಕಣವಾಗಿದೆ. ಎ. ಎನ್. ಪ್ರಹ್ಲಾದ ರಾವ್ ಅವರೊಬ್ಬರೇ ಸಾವಿರಾರು ಪದಬಂಧಗಳನ್ನು ರಚಿಸಿದ್ದಾರೆ. ನಮ್ಮ ಮೇಜಿನಲ್ಲಿ ಬೆಳಗಿನ ಇಂಗ್ಲಿಷ್ ಪತ್ರಿಕೆಯ ಪದಬಂಧವೂ ಮಧ್ಯಾಹ್ನ ಬಂದು ತಲುಪುವ ಕನ್ನಡ ಪತ್ರಿಕೆಯ ಪದಬಂಧವೂ ಪಕ್ಕಪಕ್ಕದಲ್ಲಿ ಇರುವುದರಿಂದಲೇ, ಎರಡಕ್ಕೂ ಇರುವ ವ್ಯತ್ಯಾಸ ನಮ್ಮ ಕಣ್ಣಿಗೆ ಬಿದ್ದದ್ದು.

ಆ ವ್ಯತ್ಯಾಸವೆಲ್ಲ ಒಂದು ಮನೆಯೊಳಗಿದೆ. ಚೌಕಟ್ಟಿನ ಒಂದೊಂದು ಬಿಳಿಯ ಚೌಕಕ್ಕೂ ‘ಮನೆ’ ಎನ್ನೋಣ, ಚೌಕಾಬಾರ ಆಡಿದವರಿಗೆ ಈ ಮಾತು ಪರಿಚಿತವೇ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲಿಪಿಚಿಹ್ನೆ. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ, ಎಂದರೆ ವ್ಯಂಜನ, ಅದರ ಸ್ವರ, ಒತ್ತು, ಅನುಸ್ವಾರ ಇವೆಲ್ಲ ಒಂದೇ ಸೂರಿನಡಿ. ‘ಅಂಗಡಿ’ಗೆ ಮೂರು ಮನೆ: ಅಂ, ಗ, ಡಿ. ‘ಶಾಸ್ತ್ರ’ಕ್ಕೆ ಎರಡೇ: ಶಾ, ಸ್ತ್ರ. ‘ಕರ್ನಾಟಕ’ಕ್ಕೆ ನಾಲ್ಕು: ಕ, ರ್ನಾ, ಟ, ಕ. ಅರ್ಕಾವೊತ್ತನ್ನು ಹಿಂದಿನ ಮನೆಗೆ ತಳ್ಳಿ ‘ಕರ್’ ಎಂದು ಬರೆದುಬಿಡುವುದು ಹೊಸಬರಲ್ಲಿ ಸಾಮಾನ್ಯ. ಉಚ್ಚಾರಣೆಯಲ್ಲಿ ರೇಫೆ ಮೊದಲು ಬಂದರೂ ಬರವಣಿಗೆಯಲ್ಲಿ ಅದು ಮುಂದಿನ ಅಕ್ಷರದ ಮನೆಯಲ್ಲೇ ವಾಸ.

ಇದರಿಂದ ಏನಾಗುತ್ತದೆ? ಇಂಗ್ಲಿಷಿಗೆ ಇರುವುದು 26 ಅಕ್ಷರ. ನಮ್ಮಲ್ಲಿ ವ್ಯಂಜನಗಳೇ 34, ಅವಕ್ಕೆ ಸ್ವರಗಳು ಕೂಡಿದ ಗುಣಿತಾಕ್ಷರಗಳು ನಾನೂರಕ್ಕೂ ಹೆಚ್ಚು, ಒತ್ತಕ್ಷರಗಳ ಲೆಕ್ಕ ಬೇರೆ. ಆದಕಾರಣ ಅಡ್ಡಪದವೂ ಉದ್ದಪದವೂ ಹಾಯುವ ಒಂದು ಮನೆಯಲ್ಲಿ ಎರಡಕ್ಕೂ ಒಪ್ಪುವ ಅಕ್ಷರವನ್ನು ಕೂರಿಸುವುದು ರಚನಕಾರರಿಗೆ ಬಲು ಕಷ್ಟ. ಕನ್ನಡದ ಚೌಕಟ್ಟುಗಳಲ್ಲಿ ಕಪ್ಪು ಮನೆ ಹೆಚ್ಚು, ಪದಗಳು ಗಿಡ್ಡ ಎಂದು ಇಂಗ್ಲಿಷ್ ಪದಬಂಧದ ಅಭಿಮಾನಿಗಳು ಮೂಗು ಮುರಿಯುವುದನ್ನು ಕೇಳಿದ್ದೇವೆ. ಅವರು ಒಂದು ಐದು ಮನೆಯ ಚೌಕಟ್ಟನ್ನು ತಾವೇ ರಚಿಸಿ ನೋಡಲಿ! ಬಿಡಿಸುವವರಿಗಾದರೋ ಇದೇ ಲಾಭ. ಇಂಗ್ಲಿಷಿನ ಪದವೊಂದರ ಕೊನೆಗೆ ‘ಇ’ ಅಕ್ಷರ ಸಿಕ್ಕಿತೆಂದರೆ ಏನೂ ಸಿಕ್ಕಿದಂತಾಗಲಿಲ್ಲ, ಸಾವಿರಾರು ಪದಗಳು ಹಾಗೆ ಮುಗಿಯುತ್ತವೆ. ಕನ್ನಡದ ಎರಡು ಮನೆಯ ಪದದ ಕೊನೆಗೆ ‘ತ್ರಿ’ ಸಿಕ್ಕಿತೆನ್ನಿ: ರಾತ್ರಿ, ಮಂತ್ರಿ, ಮೈತ್ರಿ, ಧಾತ್ರಿ, ಬೆರಳು ಮಡಿಸಿ ಎಣಿಸಬಹುದು. ಅದೇ ಕಾರಣಕ್ಕೆ ಒಂದು ಮನೆ ತಪ್ಪಿದರೆ ಹಾನಿಯೂ ಹೆಚ್ಚು. ತಪ್ಪು ‘ತ್ರಿ’ ನಮ್ಮನ್ನು ಅರ್ಧ ಗಂಟೆ ಅಲೆದಾಡಿಸಬಲ್ಲದು.

ಇನ್ನು ಗೂಢ ಸುಳುಹುಗಳ ಪಾಠ. ಇಂಥ ಸುಳುಹಿಗೆ ಎರಡು ಭಾಗ. ಒಂದು ಭಾಗ ಉತ್ತರದ ಅರ್ಥ ಹೇಳುತ್ತದೆ, ಇನ್ನೊಂದು ಭಾಗ ಆ ಪದವನ್ನು ಅಕ್ಷರಗಳಿಂದ ಕಟ್ಟುವ ಬಗೆ ಹೇಳುತ್ತದೆ. ಅರ್ಥದ ಭಾಗ ಸಾಮಾನ್ಯವಾಗಿ ವಾಕ್ಯದ ತಲೆಯಲ್ಲಿರುತ್ತದೆ, ಇಲ್ಲವೇ ಬಾಲದಲ್ಲಿ. ಮೇಲ್ನೋಟಕ್ಕೆ ವಾಕ್ಯ ಬೇರೇನನ್ನೋ ಹೇಳುವಂತೆ ಕಂಡು ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮ ಮೇಜಿನ ಕರಿಹಲಗೆಯ ಮೇಲೆ ಬರೆದ ಸುಳುಹುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ. ಕಂಸದೊಳಗಿನ ಅಂಕಿ ಮನೆಗಳ ಎಣಿಕೆ.

“ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ತನಾಲ್ಕು ಗಂಟೆ (2).” ಹೊಳೆಯೆಂದರೆ ನದಿ. ಅದು ಹಿಂದಕ್ಕೆ ಹರಿಯಲಿ: ದಿ, ನ. ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಎಂಬುದಕ್ಕೆ ವಿವರಣೆ ಬೇಡ.

“ಧಾನ್ಯ ತುಂಬುವ ಎಡೆಗೆ ಸೀತೆಯ ತಂದೆ ಹಿಂದಿರುಗಿದ (3).” ಸೀತೆಯ ತಂದೆ ಜನಕ. ಅವನನ್ನು ಹಿಂದಿರುಗಿಸಿದರೆ ಕನಜ. ಈ ಸುಳುಹಿನ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ಇದೇ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಜೆ, ಎ, ಎನ್, ಎ, ಕೆ, ಎ ಎಂದಾಗುತ್ತದೆ. ತಿರುಗಿಸಿದರೆ ‘ಅಕನಜ್’ ಎಂಬ ಯಾವ ಭಾಷೆಗೂ ಸೇರದ ಸದ್ದು. ಕನ್ನಡದಲ್ಲಿ ತಿರುಗುವುದು ಅಕ್ಷರ, ಎಂದರೆ ನಾಲಿಗೆಯ ಮೇಲೆ ಆಡುವ ಒಂದು ಪೂರ್ಣ ಧ್ವನಿ. ಇಂಗ್ಲಿಷಿನಲ್ಲಿ ‘ಲಿಸನ್’, ‘ಸೈಲೆಂಟ್’ ಎಂಬ ಎರಡು ಪದಗಳಿಗೂ ಅವೇ ಆರು ಅಕ್ಷರ, ಆದರೆ ಕಿವಿಗೆ ಆ ನಂಟು ಗೊತ್ತಾಗುವುದಿಲ್ಲ, ಕಣ್ಣಿಗೇ ಗೊತ್ತಾಗಬೇಕು. ಜನಕ–ಕನಜ, ಗಜ–ಜಗ, ನವ–ವನ ಇವು ಕಿವಿಗೆ ಕೇಳುತ್ತವೆ. ಕನ್ನಡದ ಗೂಢ ಸುಳುಹು ಕಾಗದದಷ್ಟೇ ಬಾಯಿಗೂ ಸೇರಿದ್ದು ಎಂದು ನಾವು ಹೇಳುವುದು ಇದಕ್ಕಾಗಿಯೇ. ಗಟ್ಟಿಯಾಗಿ ಹೇಳಿಕೊಂಡರೆ ಅರ್ಧ ಬಿಡಿಸಿದಂತೆ.

ಮಂಡಲಿಗೆ ಬರುವವರಲ್ಲಿ ಕಣ್ಣಿನ ಪೊರೆಯಿಂದ ಓದಲಾಗದ ಹಿರಿಯ ತಾಯಿಯೊಬ್ಬರಿದ್ದಾರೆ. ಅವರ ಶಾಲೆ ಮೂರನೆಯ ತರಗತಿಗೇ ಮುಗಿದದ್ದು. ಕನಜದ ಸುಳುಹನ್ನು ಓದಿದ ಸಂಜೆ, ಕಾಲೇಜು ಓದುವ ಮೂವರು ಹುಡುಗರು ‘ಜನಕ’ ಎಂಬಲ್ಲಿಗೆ ಬಂದು, ತಿರುಗಿಸಿ, ‘ಕನಜ ಎಂಬ ಪದವೇ ಇಲ್ಲ’ ಎಂದು ಕೈಬಿಟ್ಟರು. ಆ ತಾಯಿ ನಕ್ಕು, ತಮ್ಮ ತವರುಮನೆಯ ಕನಜ ಎಷ್ಟು ಎತ್ತರವಿತ್ತು, ಬಿದಿರಿನ ಹೆಣಿಗೆಗೆ ಸಗಣಿ ಸಾರಿಸಿ ಅದನ್ನು ಹೇಗೆ ಬಿಗಿ ಮಾಡುತ್ತಿದ್ದರು, ಕೆಳಗಿನ ಕಿಂಡಿಯಿಂದ ರಾಗಿ ಹೇಗೆ ಸುರಿಯುತ್ತಿತ್ತು ಎಂದು ಹೇಳತೊಡಗಿದರು. ಆ ಸಂಜೆ ಉಳಿದ ಸುಳುಹುಗಳು ಹಾಗೆಯೇ ಉಳಿದವು. ಹುಡುಗರಿಗೆ ಚೌಕಟ್ಟು ಗೊತ್ತು, ಪದ ಗೊತ್ತಿಲ್ಲ. ಆಕೆಗೆ ಪದ ಗೊತ್ತು, ಚೌಕಟ್ಟು ಕಾಣುವುದಿಲ್ಲ. ಇಬ್ಬರೂ ಒಂದೇ ಮೇಜಿಗೆ ಕುಳಿತು ಬಾಯಿಬಿಡದೆ ಇದ್ದರೆ ಇಬ್ಬರಿಗೂ ಆ ಮನೆ ಖಾಲಿಯೇ.

ಮುಂದಕ್ಕೆ ನೋಡೋಣ. “ಮಗನ ಮನದೊಳಗೆ ಅಡಗಿದ ವಂದನೆ (3).” ‘ಮಗನ ಮನ’ ಎಂಬುದನ್ನು ಬಿಡಿಸಿ ಬರೆಯಿರಿ: ಮ, ಗ, ನ, ಮ, ನ. ಕೊನೆಯ ಮೂರು ಅಕ್ಷರ ನಮನ. ಅಡಗಿಸುವ ಸುಳುಹಿನಲ್ಲಿ ಉತ್ತರ ಕಣ್ಣೆದುರಿಗೇ ಇರುತ್ತದೆ. ಪದಗಳ ನಡುವಣ ತೆರವನ್ನು ಮರೆತು ಓದುವುದೊಂದೇ ಕೌಶಲ.

“ಸರದ ನಡುವೆ, ಮದುವೆಯ ಮೊದಲು, ಯುದ್ಧ (3).” ಓದಿದೊಡನೆ ಬೀಗರ ಜಗಳವೇ ಕಣ್ಣಿಗೆ ಕಟ್ಟುತ್ತದೆ. ಆದರೆ ರಚನಕಾರರು ಹೇಳಿದ್ದು ಅಷ್ಟಲ್ಲ. ‘ಮದುವೆಯ ಮೊದಲು’ ಎಂದರೆ ಆ ಪದದ ಮೊದಲಕ್ಷರ, ಮ. ಅದನ್ನು ‘ಸರ’ ಎಂಬುದರ ನಡುವೆ ಇಟ್ಟರೆ ಸಮರ, ಯುದ್ಧ. ಇದರಲ್ಲಿ ಒಂದು ಮಾತೂ ವ್ಯರ್ಥವಲ್ಲ, ಒಂದು ಮಾತೂ ಸುಳ್ಳಲ್ಲ.

“ನಡೆಯುವುದಕ್ಕೆ ಬೇಕು ನಾಲ್ಕರಲ್ಲೊಂದು ಪಾಲು (2).” ಉತ್ತರ ಕಾಲು. ಇಲ್ಲಿ ಕಟ್ಟುವ ಕೆಲಸವಿಲ್ಲ, ಒಂದೇ ಪದದ ಎರಡು ಅರ್ಥಗಳನ್ನು ಒಟ್ಟಿಗೆ ಹೊಲಿದದ್ದು. ಕನ್ನಡದಲ್ಲಿ ಇಂಥ ನಾನಾರ್ಥ ಪದಗಳು ಧಾರಾಳವಾಗಿವೆ. ದಿನವೂ ಆಡುವ ಪದವಾದ್ದರಿಂದಲೇ ಇನ್ನೊಂದು ಅರ್ಥ ಬೇಗ ಹೊಳೆಯುವುದಿಲ್ಲ.

ಈಗ ಜಗಳದ ಸುಳುಹುಗಳಿಗೆ ಬರೋಣ. ನಮ್ಮ ಮಾತು ಗಟ್ಟಿಯಾಗುವುದು ಇಲ್ಲಿಯೇ.

“ಮೆಣಸಿನ ರುಚಿ ಏಳು ದಿನವಿದ್ದರೆ ಕಡಲತೀರದ ಊರು (4).” ಉತ್ತರ ಕಾರವಾರವೆಂದು ಎಲ್ಲರಿಗೂ ತಿಳಿಯಿತು. ವಾರವೇನೋ ಸರಿ. ಮೆಣಸಿನ ರುಚಿ ‘ಖಾರ’, ಊರಿನ ಹೆಸರಿನ ಮೊದಲಕ್ಷರ ‘ಕಾ’, ಆದ್ದರಿಂದ ಸುಳುಹೇ ತಪ್ಪು ಎಂದು ಅರ್ಧ ಮೇಜು ಎದ್ದು ನಿಂತಿತು. ನಿಘಂಟು ತೆಗೆದು ನೋಡಲಾಯಿತು. ‘ಕ್ಷಾರ’ದಿಂದ ಬಂದ ತದ್ಭವವಾದ ‘ಕಾರ’ ಎಂಬ ರೂಪ ಅದೇ ಅರ್ಥದಲ್ಲಿ ಕನ್ನಡದಲ್ಲಿ ಉಂಟು. ನಾವು ಇಂದು ಮಹಾಪ್ರಾಣ ಹಾಕಿ ಬರೆಯುವುದು ಹೆಚ್ಚು ಎಂದ ಮಾತ್ರಕ್ಕೆ ಅಲ್ಪಪ್ರಾಣದ ರೂಪ ಕನ್ನಡವಲ್ಲದೆ ಹೋಗುವುದಿಲ್ಲ. ರಚನಕಾರರು ಗೆದ್ದರು. ಚೌಕಟ್ಟಿನಲ್ಲಿ ಮೇಲಿನಿಂದ ಕೆಳಕ್ಕೆ ‘ಕಾವೇರಿ’ ಇಳಿದು ಬಂದಿದ್ದರಿಂದ ‘ಖಾ’ ಬರೆಯಲು ಹೇಗೂ ಎಡೆಯಿರಲಿಲ್ಲ. ಆದರೆ ನಿಘಂಟು ತೆರೆಯದೆ, ಅಡ್ಡಪದದ ಬಲದಿಂದಲೇ ಒಪ್ಪಿಕೊಂಡುಬಿಟ್ಟಿದ್ದರೆ ‘ಕಾರ’ದ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ.

ಇದಕ್ಕಿಂತ ಬಿಸಿಯಾದದ್ದು ಹಾವೇರಿಯ ಚರ್ಚೆ. “ಸರ್ಪವು ಹತ್ತಿ ಸೇರಿಕೊಂಡ ಜಿಲ್ಲೆ (3).” ಹಾವು, ಏರಿ, ಕೂಡಿದರೆ ಹಾವೇರಿ, 1997ರಲ್ಲಿ ಧಾರವಾಡದಿಂದ ಬೇರೆಯಾದ ಜಿಲ್ಲೆ. ಬಿಡಿಯಾಗಿ ಎಣಿಸಿದರೆ ಹಾ, ವು, ಏ, ರಿ ನಾಲ್ಕು ಅಕ್ಷರ, ಮನೆಗಳು ಮೂರೇ ಇವೆ. ಅಕ್ಷರ ಲೋಪ ಮಾಡುವ ಅಧಿಕಾರ ಯಾರು ಕೊಟ್ಟರು ಎಂದು ಒಬ್ಬರು ಕೇಳಿದರು. ವ್ಯಾಕರಣವೇ ಕೊಟ್ಟಿದೆ, ಲೋಪಸಂಧಿಯೆಂದು ಅದಕ್ಕೆ ಹೆಸರನ್ನೂ ಇಟ್ಟಿದೆ ಎಂದು ಇನ್ನೊಬ್ಬರು. ಇಂಗ್ಲಿಷ್ ಪದಬಂಧದಲ್ಲಿ ಪದಕ್ಕೆ ಪದ ಅಂಟಿಸಿದರೆ ಅಕ್ಷರ ಒಂದೂ ಕಡಮೆಯಾಗುವುದಿಲ್ಲ. ಕನ್ನಡದಲ್ಲಿ ಎರಡು ಪದ ಪಕ್ಕಕ್ಕೆ ಬಂದೊಡನೆ ಒಂದರ ಕೊನೆ ಇನ್ನೊಂದರ ಮೊದಲಿಗೆ ಕರಗುವುದು ಸಹಜ. ನಮ್ಮ ಅಭಿಪ್ರಾಯ ಇಷ್ಟು: ಸಂಧಿ ಮಾಡಬಹುದು, ಆದರೆ ಸುಳುಹಿನಲ್ಲಿ ಅದಕ್ಕೊಂದು ಸೂಚನೆಯಿರಬೇಕು. ಇಲ್ಲಿ ‘ಸೇರಿಕೊಂಡ’ ಎಂಬ ಮಾತು ಆ ಸೂಚನೆಯನ್ನು ಕೊಡುತ್ತಿದೆ. ಹಾವೇರಿಯ ಹೆಸರಿಗೆ ನಿಜವಾದ ವ್ಯುತ್ಪತ್ತಿ ಬೇರೆಯಲ್ಲವೇ ಎಂದು ಕೇಳುವವರಿಗೆ, ಪದಬಂಧದ ಕಟ್ಟುವಿಕೆ ವ್ಯುತ್ಪತ್ತಿಯಲ್ಲ ಎಂದು ಹೇಳಿಬಿಡಬೇಕು. ಇವೆರಡನ್ನು ಬೆರಸಿದರೆ ಮಕ್ಕಳು ಪರೀಕ್ಷೆಯಲ್ಲಿ ಸರ್ಪವನ್ನೇ ಬರೆದು ಬಂದಾರು.

ನ್ಯಾಯ ಅನ್ಯಾಯದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇವೆ. ಇಂಗ್ಲಿಷರಲ್ಲಿ ‘ಅಫ್ರಿಟ್’ ಎಂಬ ಗುಪ್ತನಾಮದ ರಿಚಿಯವರು 1949ರಲ್ಲಿ ತಮ್ಮ ಪುಸ್ತಕದಲ್ಲಿ ಈ ಧರ್ಮವನ್ನು ಗೊತ್ತುಮಾಡಿದರು. ‘ಕ್ಸಿಮಿನೀಸ್’ ಎಂಬ ಹೆಸರಿನ ಮ್ಯಾಕ್‌ನಟ್ 1966ರಲ್ಲಿ ಅದನ್ನೇ ವಿಸ್ತರಿಸಿ ಬರೆದರು. ಸಾರಾಂಶದಲ್ಲಿ ಹೇಳುವುದಾದರೆ, ರಚನಕಾರರು ಓದುಗರನ್ನು ದಾರಿ ತಪ್ಪಿಸಬಹುದು, ಆದರೆ ಅವರ ಮಾತನ್ನು ತಿರುವಿ ನೋಡಿದಾಗ ಉತ್ತರಕ್ಕೆ ಅದು ತೂಕಕ್ಕೆ ತೂಕ ಸರಿಹೋಗಬೇಕು. ಕನ್ನಡದಲ್ಲಿ ಈ ತೂಕ ಗುಣಿತದ ತನಕ ಇಳಿಯುತ್ತದೆ. ಮಂಡಲಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಯೊಬ್ಬ ತಾನೇ ಒಂದು ಸುಳುಹು ರಚಿಸಿ ತಂದ: “ನಸುಕು ಚೆದುರಿದಾಗ ನಿದ್ದೆಯಲ್ಲಿ ಕಂಡದ್ದು (3).” ಉತ್ತರ ಕನಸು ಎಂದು ಅವನ ಎಣಿಕೆ. ಓದುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ನಸುಕಿನಲ್ಲಿರುವುದು ನ, ಸು, ಕು. ಕನಸಿಗೆ ಬೇಕಾದದ್ದು ಕ. ಒಂದು ಕೊಂಬಿನ ವ್ಯತ್ಯಾಸ, ಸುಳುಹು ಬಿದ್ದುಹೋಯಿತು. ಹುಡುಗನ ಮುಖ ಸಪ್ಪಗಾಯಿತು. ಆಗ ಮೇಜೆಲ್ಲ ಸೇರಿ ಅದನ್ನು ದುರಸ್ತಿ ಮಾಡಲು ಕುಳಿತೆವು. ‘ಕನಸು’ ಎಂಬುದರಲ್ಲಿ ‘ನಸು’ ಇದೆಯಲ್ಲ ಎಂದು ಒಬ್ಬರು ಕಂಡರು. ನಸು ಎಂದರೇನೆಂದು ಹುಡುಗ ಕೇಳಿದ. ನಸುನಗೆ, ನಸುಗೆಂಪು ಎಂದು ಉದಾಹರಣೆ ಕೊಟ್ಟು, ತುಸು ಎಂಬ ಅರ್ಥವೆಂದು ವಿವರಿಸಿದೆವು. ಅರ್ಧ ಗಂಟೆಯ ಕೊನೆಗೆ ಅವನೇ ಬರೆದ: “ಕನ್ನಡದ ಮೊದಲು ತುಸು ಸೇರಿ ನಿದ್ದೆಯಲ್ಲಿ ಕಂಡದ್ದು (3).” ಕನ್ನಡದ ಮೊದಲು ಕ, ತುಸು ಎಂದರೆ ನಸು. ಈ ಸುಳುಹಿನ ಮೇಲೆ ಯಾರೂ ಬೆರಳಿಡಲಾರರು.

ಕೊಂಬು, ಇಳಿ, ಒತ್ತು, ಮಹಾಪ್ರಾಣ ಇವುಗಳ ಮೇಲೆ ಇಷ್ಟು ಹಟವೇಕೆ ಎನ್ನುವವರಿಗೆ ನಮ್ಮ ಊರಿನ ಸ್ಥಿತಿ ಜ್ಞಾಪಕ ಮಾಡಬೇಕಾಗಿದೆ. ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ತಮಿಳು ಬರೆಯಲು ಕಲಿಯುತ್ತಾರೆ. ಕಲಿಯಲೇಬೇಕು, ಅದು ಈ ನೆಲದ ಭಾಷೆ, ಶ್ರೀಮಂತ ಭಾಷೆ. ಆದರೆ ಅದರ ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಯಾವ ಧ್ವನಿಯೆಂಬುದು ಪದದ ಸಂದರ್ಭದಿಂದ ತಿಳಿಯಬೇಕು. ಆ ಅಭ್ಯಾಸ ಕನ್ನಡಕ್ಕೂ ಹರಿದು ಬರುತ್ತದೆ. ಮನೆಯಲ್ಲಿ ಸ್ವಚ್ಛವಾಗಿ ‘ಗಡಿ’ ಎನ್ನುವ ಮಗು ‘ನಾಡಿನ ಅಂಚು (2)’ ಎಂಬ ಸುಳುಹಿಗೆ ‘ಕಡಿ’ ಎಂದು ಬರೆದದ್ದನ್ನು ಕಂಡಿದ್ದೇವೆ. ಅದಕ್ಕೆ ಕೆಂಪು ಶಾಯಿಯ ಗೀಟು ಬೇಕಾಗಲಿಲ್ಲ. ಆ ಮನೆಯಿಂದ ಕೆಳಕ್ಕೆ ವಿಷ್ಣುವಿನ ವಾಹನ ಇಳಿಯಬೇಕಾಗಿತ್ತು. ಗರುಡ ಬಂದು ನಿಂತ ಕೂಡಲೇ ‘ಕ’ ತಾನಾಗಿ ಎದ್ದುಹೋಯಿತು. ಉಪಾಧ್ಯಾಯರು ತಿದ್ದಿದರೆ ಮಗುವಿಗೆ ಅವಮಾನ. ಗರುಡ ತಿದ್ದಿದರೆ ಆಟ. ನಾಲ್ಕು ತಿಂಗಳ ಕಾಗುಣಿತದ ಪಾಠಕ್ಕಿಂತ ಹತ್ತು ಪದಬಂಧ ಹೆಚ್ಚು ಕೆಲಸ ಮಾಡುತ್ತದೆಂದು ನಾವು ನಂಬಿದ್ದೇವೆ. ಭಾನುವಾರದ ಕನ್ನಡ ತರಗತಿಯನ್ನು ನಡೆಸುವವರು ಈ ಮಾತಿಗೆ ಕೋಪಿಸಿಕೊಳ್ಳಬಾರದಾಗಿ ಪ್ರಾರ್ಥನೆ.

ಅಕ್ಷರವನ್ನೇ ಮನೆಯಾಗಿ ಎಣಿಸುವ ಈ ಪದ್ಧತಿ ಪಾಶ್ಚಾತ್ಯ ಆಟಕ್ಕೆ ನಾವು ಹಾಕಿದ ತೇಪೆಯಲ್ಲ. ಸಂಸ್ಕೃತದ ಚಿತ್ರಕವಿಗಳು ಅಕ್ಷರಗಳನ್ನು ಮನೆಮನೆಯಾಗಿ ಕೂರಿಸಿ ಬಂಧಗಳನ್ನು ಕಟ್ಟುತ್ತಿದ್ದರು. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ಸರ್ವತೋಭದ್ರವೆಂಬ ಬಂಧವಿದೆ. ಚೌಕಟ್ಟಿನಲ್ಲಿ ಬರೆದು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೇಗೆ ಓದಿದರೂ ಒಂದೇ ಶ್ಲೋಕ. ಈ ಭಾರವಿಯ ಹೆಸರು ಕಾಳಿದಾಸನ ಹೆಸರಿನೊಡನೆ ನಮ್ಮ ಐಹೊಳೆಯ 634ರ ಶಾಸನದಲ್ಲಿ ಕೆತ್ತಿದೆ, ಬರೆದವನು ರವಿಕೀರ್ತಿ. ಆದುದರಿಂದ ‘ಪದಬಂಧ’ ಎಂಬ ಹೆಸರಿನ ‘ಬಂಧ’ಕ್ಕೆ ನಮ್ಮಲ್ಲಿ ಹಳೆಯ ನೆಂಟಸ್ತಿಕೆಯೇ ಇದೆ. ಇದಕ್ಕಿಂತ ಹೆಚ್ಚು ಹೇಳಿದರೆ ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವವರ ಗುಂಪಿಗೆ ನಾವೂ ಸೇರಿದಂತಾಗುತ್ತದೆ.

ಇನ್ನು ಕೂಡಿ ಬಿಡಿಸುವಾಗಿನ ನಡೆವಳಿಕೆ. ನಮ್ಮಲ್ಲಿ ಬರೆದಿಟ್ಟ ನಿಯಮವಿಲ್ಲ, ಬಳಕೆಯಿಂದ ಬಂದದ್ದುಂಟು. ಉತ್ತರ ಹೊಳೆದವರು ಉತ್ತರ ಹೇಳಕೂಡದು. ದಾರಿ ಹೇಳಬಹುದು. ‘ಅರ್ಥ ಬಾಲದಲ್ಲಿದೆ’ ಎನ್ನಬಹುದು, ‘ಯಾರೋ ತಿರುಗಿ ನಿಂತಿದ್ದಾರೆ’ ಎನ್ನಬಹುದು, ತೀರ ಕಷ್ಟವಾದರೆ ‘ರಾಮಾಯಣಕ್ಕೆ ಹೋಗಿ ಬನ್ನಿ’ ಎನ್ನಬಹುದು. ಎಂಟು ನಿಮಿಷದಲ್ಲಿ ಮುಗಿಸಿದೆ ಎಂದು ಗಡಿಯಾರ ತೋರಿಸುವವರಿಗೆ ನಮ್ಮ ಮೇಜಿನಲ್ಲಿ ವಿಶೇಷ ಮರ್ಯಾದೆಯಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಉತ್ತರ ಬರೆದವರು ಏಕೆಂದು ಹೇಳಬಲ್ಲವರಾಗಿರಬೇಕು. ‘ಅಕ್ಷರ ಹೊಂದಿತು, ಬರೆದೆ’ ಎಂಬುದು ಉತ್ತರವಲ್ಲ. ಮನೆಗಳು ತುಂಬಿದ ಮೇಲೂ ಒಂದು ಸುಳುಹಿನ ಕಟ್ಟುವಿಕೆ ತಿಳಿಯದಿದ್ದರೆ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕರಿಹಲಗೆಯ ಮೂಲೆಯಲ್ಲಿ ಬಿಡುತ್ತೇವೆ. ಒಂದೊಂದು ಸುಳುಹು ವಾರವಿಡೀ ಅಲ್ಲಿ ಕುಳಿತದ್ದುಂಟು. ಕೊನೆಗೆ ಪತ್ರಿಕೆ ಓದಲು ಮಾತ್ರ ಬಂದ ಯಾರೋ, ನಿಂತಲ್ಲೇ ನೋಡಿ, ಬಿಡಿಸಿ ಹೋಗುತ್ತಾರೆ. ರಚನಕಾರರ ತಪ್ಪೆಂದು ತೀರ್ಮಾನಿಸುವ ಮುನ್ನ ನಿಘಂಟು ನೋಡಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು, 1970ರಿಂದ 1995ರವರೆಗೆ ಬಂದವು, ನಮ್ಮ ಕಪಾಟಿನಲ್ಲಿವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನ ಮರುಮುದ್ರಣವೂ ಇದೆ. ಪದಬಂಧದ ಮೇಜು ಬರುವ ಮುಂಚೆ ಇವುಗಳ ಮೇಲಿನ ಧೂಳನ್ನು ಒರೆಸುತ್ತಿದ್ದುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ.

ಶಾಯಿಯ ದೂರಿಗೆ ಪರಿಹಾರ ಹೀಗೆ ಮಾಡಿದ್ದೇವೆ. ಪತ್ರಿಕೆಗಳು ಬಂದೊಡನೆ ಎರಡು ಪದಬಂಧಗಳದೂ ನಕಲು ತೆಗೆದು ಮೇಜಿನ ಮೇಲೆ ಇಡಲಾಗುವುದು; ಬರೆಯುವವರು ಅದರ ಮೇಲೆ, ಪೆನ್ಸಿಲಿನಲ್ಲಿ ಬರೆಯತಕ್ಕದ್ದು. ಸದ್ದಿನ ವಿಷಯದಲ್ಲಿ, ಮೇಜನ್ನು ಕಿಟಕಿಯ ಬಳಿಯಿಂದ ಹೊರಜಗಲಿಗೆ ಒಯ್ಯಲು ವ್ಯವಸ್ಥಾಪಕರು ಒಪ್ಪಿದ್ದಾರೆ. ಮಳೆಗಾಲದಲ್ಲಿ ಮಾತ್ರ ಒಳಗೆ ಬರಬೇಕಾಗುತ್ತದೆ, ಆಗ ಮೆಲುದನಿಯಲ್ಲಿ ಜಗಳವಾಡಲು ಪ್ರಯತ್ನಿಸುತ್ತೇವೆ.

ಅಭ್ಯಾಸಕ್ಕೆಂದು ನಾಲ್ಕು ಸುಳುಹುಗಳನ್ನು ಕೊಟ್ಟಿದ್ದೇವೆ. ಮೊದಲ ಮೂರು ಸುಲಭ, ನಾಲ್ಕನೆಯದಕ್ಕೆ ಹಿರಿಯರ ನೆರವು ಬೇಕಾದೀತು. ಉತ್ತರಗಳನ್ನು ಇಲ್ಲಿ ಅಚ್ಚು ಹಾಕಿಲ್ಲ. ಮುಂದಿನ ಶನಿವಾರ ಸಂಜೆ ಆರಕ್ಕೆ ಕರಿಹಲಗೆಯ ಮೇಲೆ ಬರೆದು ಚರ್ಚಿಸಲಾಗುವುದು. ಬರುವವರು ಏಕೆಂಬುದನ್ನೂ ಯೋಚಿಸಿಕೊಂಡು ಬರಬೇಕು.

ಹೊಸದು ಹಿಂದಿರುಗಿದರೆ ಕಾಡು (2).

ಹಸು ಹೋದ ಗೋಪುರದಲ್ಲಿ ಉಳಿದದ್ದು ಪಟ್ಟಣ (2).

ಹುಡುಕು, ದೊರೆ ಸಿಕ್ಕಾನು (3).

ಕಾಡಿನಲ್ಲಿ ನೆಲೆಸಿದವನು ಪಂಪನಿಗೆ ನೆನಪಾದ ಊರು (4).